ಆ 'ವಿ' ರೋಮನ್ ಐದಲ್ಲ: ತಾತನ ರಿವಾಲ್ವರ್ ಯಾವುದು, ಅದರ ಬೆಲೆ ಎಷ್ಟು?

ಪ್ರಶ್ನೆ: ನಮ್ಮದು ಹುಣಸೂರು ತಾಲ್ಲೂಕಿನ ಒಕ್ಕಲು ಮನೆತನ. ಮುತ್ತಾತ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯಲ್ಲಿದ್ದು, ಮೊದಲ ಮಹಾಯುದ್ಧದಲ್ಲಿ ಈಗಿನ ಇಸ್ರೇಲಿನ ಹೈಫಾ ಯುದ್ಧ ಕಂಡವರು. ಅವರು ಅಲ್ಲಿಂದ ತಂದ ರಿವಾಲ್ವರ್ ಆಮೇಲೆ ತಾತನ ಹೆಸರಿಗೆ ಬಂತು ಎಂದು ಮನೆಯಲ್ಲಿ ಹೇಳುತ್ತಾರೆ. ತಾತನೂ ಎರಡನೇ ಮಹಾಯುದ್ಧದ ಹೊತ್ತಿಗೆ ಸೇನೆಯಲ್ಲಿದ್ದು 1947ರಲ್ಲಿ ಊರಿಗೆ ಬಂದವರು. 1986ರಲ್ಲಿ ಅವರು ತೀರಿಕೊಂಡಾಗ ಅಪ್ಪ ರಿವಾಲ್ವರನ್ನು ಪೊಲೀಸ್ ಠಾಣೆಗೆ ಒಪ್ಪಿಸಿಬಿಟ್ಟರು. ಈಗ ಉಳಿದಿರುವುದು 1948 ಮತ್ತು 1963ರ ಎರಡು ಲೈಸೆನ್ಸ್ ಪುಸ್ತಕ, ತಾತ ಅದನ್ನು ಹಿಡಿದು ಕೂತಿರುವ ಫೋಟೋ, ಚರ್ಮದ ಚೀಲ, ಒಂದು ಖಾಲಿ ತೋಟೆ. 1963ರ ಪುಸ್ತಕದಲ್ಲಿ 'ಡಬ್ಲ್ಯೂ ಅಂಡ್ ಎಸ್, ಮಾರ್ಕ್ ವಿ' ಎಂದಿದೆ. ಅಂದರೆ ಬ್ರಿಟನ್ನಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಐದನೇ ನಮೂನೆ, ಮಾರ್ಕ್ 5, ಬಹಳ ಅಪರೂಪದ್ದಂತೆ. ಲಕ್ಷಗಟ್ಟಲೆ ಬಾಳುವುದನ್ನು ಅಪ್ಪ ಪುಕ್ಕಟೆ ಕೊಟ್ಟರೆಂದು ನಮ್ಮಲ್ಲಿ ಇವತ್ತಿಗೂ ಮಾತು. ಅದು ನಿಜಕ್ಕೂ ಯಾವ ರಿವಾಲ್ವರ್? ಬೆಲೆ ಎಷ್ಟಿರಬಹುದು? ಹಿಂದಕ್ಕೆ ಸಿಗುತ್ತದೆಯೇ? ತೋಟೆ ಮತ್ತು ಚೀಲವನ್ನು ಅಮೆರಿಕದಲ್ಲಿರುವ ಮಗನಿಗೆ ಕೊಡಬೇಕೆಂದಿದ್ದೇನೆ.

ಉತ್ತರ: ನೀವು ಕಳಿಸಿದ ಏಳೂ ಚಿತ್ರಗಳನ್ನು ಎರಡು ದಿನ ಬಿಡುವಾದಾಗಲೆಲ್ಲ ನೋಡಿದೆ. ಕೈಯಲ್ಲಿಲ್ಲದ ಕೋವಿಯನ್ನು ಗುರುತಿಸುವುದು ಊರು ಬಿಟ್ಟು ಹೋದವರನ್ನು ಅವರ ಚಪ್ಪಲಿ ನೋಡಿ ಗುರುತಿಸಿದ ಹಾಗೆ. ಆದರೆ ನಿಮ್ಮ ಮನೆಯವರು ಇಷ್ಟನ್ನು ಜೋಪಾನವಾಗಿ ಇಟ್ಟುಕೊಂಡಿರುವುದರಿಂದ ಗಟ್ಟಿಯಾಗಿಯೇ ಹೇಳಬಲ್ಲೆ. ಅದು ವೆಬ್ಲಿಯೂ ಅಲ್ಲ, ಮಾರ್ಕ್ 5 ಕೂಡ ಅಲ್ಲ, ಹೈಫಾದಿಂದ ಬಂದದ್ದೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಎರಡನೇ ಮಹಾಯುದ್ಧಕ್ಕಾಗಿ ಮಾಡಿದ 'ವಿಕ್ಟರಿ ಮಾಡೆಲ್' ರಿವಾಲ್ವರ್. ಮೊದಲು ನಿಮಗೆ ಬೇಸರವಾಗಬಹುದು. ಈ ತೀರ್ಮಾನಕ್ಕೆ ಹೇಗೆ ಬಂದೆ ಎಂಬುದನ್ನು ಪೂರ್ತಿ ಓದಿ, ಆಮೇಲೆ ಅಪ್ಪನ ವಿಷಯಕ್ಕೆ ಬರೋಣ.

ಖಾಲಿ ತೋಟೆಯಿಂದ ಶುರುಮಾಡುತ್ತೇನೆ. ಎಲ್ಲಕ್ಕಿಂತ ಚಿಕ್ಕದು, ಆದರೆ ಸುಳ್ಳು ಹೇಳಲು ಅದಕ್ಕೇ ಎಲ್ಲಕ್ಕಿಂತ ಕಷ್ಟ. ಸ್ಕೇಲ್ ಪಕ್ಕದಲ್ಲಿಟ್ಟು ಚಿತ್ರ ತೆಗೆದಿದ್ದೀರಿ, ಅದು ಬಹಳ ಉಪಯೋಗಕ್ಕೆ ಬಂತು. ಬಾಯಿಯ ಅಗಲ ಹತ್ತು ಮಿಲಿಮೀಟರಿಗೆ ಕೊಂಚ ಕಡಿಮೆ, ಉದ್ದ ಇಪ್ಪತ್ತರ ಹತ್ತಿರ, ತಳದ ಅಂಚು ಹನ್ನೊಂದಕ್ಕೆ ಸ್ವಲ್ಪ ಮೇಲೆ. ಇದು .380 ತೋಟೆ, ಈ ಅಳತೆ ಇಂಚಿನ ಲೆಕ್ಕದ್ದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ರಿವಾಲ್ವರಿನ ತೋಟೆ .455. ಅದರ ಬಾಯಿಯೇ ಹನ್ನೆರಡು ಮಿಲಿಮೀಟರ್, ತಳದ ಅಂಚು ಹದಿಮೂರೂವರೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಚಿಕ್ಕ ಮಕ್ಕಳೂ ಬೇರೆ ಬೇರೆ ಎನ್ನುತ್ತಾರೆ. ವೆಬ್ಲಿ ಮಾರ್ಕ್ 5 ಆಗಿದ್ದರೆ ಅದಕ್ಕೆ .455 ತೋಟೆಯೇ ಬೇಕಿತ್ತು. 1887ರಲ್ಲಿ ಬಂದ ಮಾರ್ಕ್ 1ರಿಂದ 1915ರಲ್ಲಿ ಬಂದ ಮಾರ್ಕ್ 6ರವರೆಗೆ ಸೇನೆಯ ದೊಡ್ಡ ವೆಬ್ಲಿಗಳೆಲ್ಲ ಈ ದಪ್ಪ ತೋಟೆಯವೇ.

ತೋಟೆಯ ತಳದಲ್ಲಿ ಕೊರೆದ ಅಕ್ಷರಗಳನ್ನು ನೀವು ಗಮನಿಸಿಲ್ಲ ಅನಿಸುತ್ತದೆ. ಕೆ ಅಕ್ಷರ, ಮೇಲ್ಮುಖದ ಒಂದು ಬಾಣ, ಎಫ್ ಅಕ್ಷರ, 43 ಅಂಕಿ, ಆಮೇಲೆ .380, ರೋಮನ್ ಎರಡು, ಝಡ್. ಕೆ-ಬಾಣ-ಎಫ್ ಎಂದರೆ ಪುಣೆಯ ಪಕ್ಕದ ಕಿರ್ಕಿ, ಈಗಿನ ಖಡ್ಕಿಯ ಮದ್ದುಗುಂಡಿನ ಕಾರ್ಖಾನೆ. ಬಾಣ ಸರ್ಕಾರದ ಸ್ವತ್ತಿನ ಗುರುತು. 43 ಎಂದರೆ 1943. ಬ್ರಿಟಿಷರು ಈ ತೋಟೆಗೆ ಮೊದಲು ಬರೀ ಸೀಸದ ಗುಂಡು ಹಾಕುತ್ತಿದ್ದರು. ಮೆತ್ತನೆಯ ಸೀಸ ಯುದ್ಧದ ನಿಯಮ ಹೇಳುವ ಹೇಗ್ ಒಪ್ಪಂದಕ್ಕೆ ವಿರುದ್ಧವಾದೀತೆಂಬ ಅಳುಕಿನಿಂದ 1930ರ ದಶಕದ ಕೊನೆಗೆ ಲೋಹದ ಕವಚವಿರುವ ಗುಂಡಿಗೆ ಬದಲಾದರು. ಆ ರೋಮನ್ ಎರಡು ಆ ಬದಲಾದ ನಮೂನೆಯದು, ಝಡ್ ಒಳಗಿನ ಹೊಗೆಯಿಲ್ಲದ ಮದ್ದಿನ ಬಗೆಯನ್ನು ಸೂಚಿಸುತ್ತದೆ. ಒಂದು ತೋಟೆ ಒಂದು ಕೋವಿಯ ವಯಸ್ಸನ್ನು ಹೇಳುವುದಿಲ್ಲ ನಿಜ, ಹಳೆಯ ಕೋವಿಗೂ ಹೊಸ ತೋಟೆ ಹಾಕಬಹುದು. ಆದರೆ .380 ಎಂಬ ಅಳತೆಯೇ ಬ್ರಿಟಿಷ್ ಸೇನೆಗೆ ಬಂದದ್ದು 1932ರಲ್ಲಿ, ಎನ್‌ಫೀಲ್ಡ್ ನಂಬರ್ 2 ರಿವಾಲ್ವರ್ ಜತೆಗೆ. .455ರ ಒದೆತ ತಡೆದುಕೊಂಡು ಗುರಿ ಹಿಡಿಯಲು ಹೊಸಬರಿಗೆ ಬಹಳ ಅಭ್ಯಾಸ ಬೇಕಾಗುತ್ತಿತ್ತು, ಹಾಗಾಗಿ ಹಗುರದ ತೋಟೆಗೆ ಇಳಿದರು.

ಇನ್ನು ಪುಸ್ತಕಗಳು. ನೀವೆಲ್ಲ 1963ರದನ್ನು ನಂಬಿದ್ದೀರಿ, ಏಕೆಂದರೆ ಅದರ ಅಕ್ಷರ ದುಂಡಗಿದೆ, ಓದಲು ಸುಲಭ. 1948ರದರ ಶಾಯಿ ಮಾಸಿದೆ. ಕಾಗದದ ಸಾಕ್ಷಿಯಲ್ಲಿ ನನ್ನ ಗುರುಗಳು ಹೇಳಿಕೊಟ್ಟ ಮೊದಲ ಪಾಠ: ಎರಡು ದಾಖಲೆ ಬೇರೆ ಬೇರೆ ಹೇಳಿದರೆ ಹಳೆಯದನ್ನು ಕೇಳು, ಹೊಸದು ಅದರ ನಕಲು. ಶಸ್ತ್ರಾಸ್ತ್ರ ಕಾಯ್ದೆ 1959ರಲ್ಲಿ ಆಗಿ, 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಹಳೆಯ ಪುಸ್ತಕ ನೋಡಿಕೊಂಡು ಹೊಸ ಪುಸ್ತಕ ಬರೆದುಕೊಡುವ ಕೆಲಸ ಆಗ ಎಲ್ಲ ಕಚೇರಿಗಳಲ್ಲೂ ರಾಶಿ ಬಿದ್ದಿತ್ತು. ನಿಮ್ಮ 1963ರ ಪುಸ್ತಕ ಹಾಗೆ ಹುಟ್ಟಿದ್ದು.

1948ರ ನಮೂದನ್ನು ಕಂಪ್ಯೂಟರಿನಲ್ಲಿ ಕಪ್ಪು ಮಾಡಿ ದೊಡ್ಡದಾಗಿಸಿ ಓದಿದೆ. ಅಲ್ಲಿರುವುದು 'ಎಸ್ ಅಂಡ್ ಡಬ್ಲ್ಯೂ'. ಆಮೇಲೆ '.380 ರಿವಾಲ್ವರ್'. ಆಮೇಲೆ 'ನಂಬರ್', ಅದರ ಮುಂದೆ ಇಂಗ್ಲಿಷಿನ ವಿ ಅಕ್ಷರ, ಅದಕ್ಕೆ ಅಂಟಿಕೊಂಡು ನಾಲ್ಕರಿಂದ ಶುರುವಾಗುವ ಆರು ಅಂಕಿ. ಮಿಕ್ಕ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ, ನೀವೂ ಎಲ್ಲಿಯೂ ಹಾಕಬೇಡಿ. 1963ರಲ್ಲಿ ನಕಲು ಮಾಡಿದ ಗುಮಾಸ್ತರು ಏನು ಮಾಡಿದರು ನೋಡಿ. ಎಸ್ ಮತ್ತು ಡಬ್ಲ್ಯೂ ಅದಲುಬದಲಾದವು. ವಿ ಅಕ್ಷರ ನಂಬರಿನಿಂದ ಕಳಚಿಕೊಂಡು ಹಿಂದಕ್ಕೆ ಸರಿಯಿತು, ಅದರ ಮುಂದೆ 'ಮಾರ್ಕ್' ಎಂಬ ಮಾತು ಸೇರಿತು. ಅವರನ್ನು ದೂರಬೇಡಿ. ಆ ಕಾಲಕ್ಕೆ ನಮ್ಮ ಕಡೆ ಆರು ತೋಟೆಯ ಕೈಕೋವಿಗೆಲ್ಲ 'ವೆಬ್ಲಿ' ಎನ್ನುವುದೇ ರೂಢಿ, ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ. ವೆಬ್ಲಿಗಳಿಗೆ ಮಾರ್ಕ್ ನಂಬರ್ ಇರುತ್ತದೆ ಎಂದು ತಿಳಿದ ಗುಮಾಸ್ತರಿಗೆ ವಿ ಕಂಡರೆ ರೋಮನ್ ಐದು ಎಂದು ತೋಚುವುದು ಸಹಜ. ಆ ಒಂದು ಅಕ್ಷರದ ಮೇಲೆ ನಿಮ್ಮ ಮನೆಯಲ್ಲಿ ಅರವತ್ತು ವರ್ಷದ ಕಥೆ ನಿಂತಿದೆ.

ಆದರೂ ಕಾಗದ ಒಂದನ್ನೇ ನೆಚ್ಚಿ ನಾನು ತೀರ್ಪು ಕೊಡುತ್ತಿರಲಿಲ್ಲ. ಕಾರಣ ಇದೆ. ಈ .380 ತೋಟೆಯ ಮೂಲವೇ ಸ್ಮಿತ್ ಅಂಡ್ ವೆಸನ್ನರ 1877ರ .38 ತೋಟೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಮಾಡಿದ .38 ರಿವಾಲ್ವರಿಗೂ ಅದೇ ತೋಟೆ. ಹಾಗಾಗಿ ಪುಸ್ತಕದಲ್ಲಿ 'ಎಸ್ ಅಂಡ್ ಡಬ್ಲ್ಯೂ' ಎಂದಿದ್ದರೆ ಅದು ಕೋವಿ ಮಾಡಿದವರ ಹೆಸರೂ ಆಗಬಹುದು, ತೋಟೆಯ ಹೆಸರೂ ಆಗಬಹುದು. ಸ್ಪೇನಿನ ನಕಲಿಗಳಲ್ಲಿ ಇನ್ನೂ ಒಂದು ಕುತಂತ್ರ. 'ಸ್ಮಿತ್ ಅಂಡ್ ವೆಸನ್' ಎಂದು ದಪ್ಪಕ್ಷರದಲ್ಲಿ ಕೊರೆದು, ಅದರ ಹಿಂದೆ ಮುಂದೆ 'ರಿವಾಲ್ವರಿಗೆ ಹೊಂದುವ ತೋಟೆ ಹಾಕುವುದಕ್ಕೆ' ಎಂಬ ಅರ್ಥದ ಮಾತನ್ನು ಇರುವೆ ಸಾಲಿನಂತೆ ಸಣ್ಣಗೆ ಕೊರೆಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅಮೆರಿಕದ್ದೆಂದು ಇಟ್ಟುಕೊಂಡ ರಿವಾಲ್ವರ್ ಸ್ಪೇನಿನ ಐಬಾರ್ ಪಟ್ಟಣದ್ದಾಗಿರುತ್ತದೆ. ಬೆಲ್ಜಿಯಂನವಾದರೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರ ಇರುತ್ತದೆ. ಅದು ಲಿಯೇಜ್ ಪಟ್ಟಣದ ಪರೀಕ್ಷಾಲಯದ ಮುದ್ರೆ, ಜನ ಅದನ್ನು ಕಂಪನಿ ಹೆಸರೆಂದು ತಿಳಿಯುತ್ತಾರೆ. ಹೀಗಾಗಿ ನನಗೆ ಫೋಟೋ ಬೇಕಿತ್ತು.

ಫೋಟೋ ನೋಡುವ ಮೊದಲು ಅದು ತಿರುಗುಮುರುಗಾಗಿ ಅಚ್ಚಾಗಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್ ಮಗುಚಿಟ್ಟು ಅಚ್ಚು ಹಾಕಿದ ಉದಾಹರಣೆ ಬೇಕಾದಷ್ಟಿವೆ. ತಾತನ ಷರಟಿನ ಜೇಬು ಅವರ ಎಡ ಎದೆಯ ಮೇಲಿದೆ, ಗುಂಡಿಪಟ್ಟಿ ಗಂಡಸರ ಷರಟಿನ ಕಡೆಗೇ ಇದೆ. ಸರಿ, ಫೋಟೋ ನೇರವಾಗಿದೆ. ಬೆತ್ತದ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ರಿವಾಲ್ವರ್ ಅಡ್ಡ ಇಟ್ಟುಕೊಂಡಿದ್ದಾರೆ, ಬೆರಳು ಟ್ರಿಗರಿನ ಹೊರಗೆ, ನೆಟ್ಟಗೆ ಚಾಚಿದೆ. ತರಬೇತಿ ಆದವರ ಕೈ ಅದು, ನೋಡಿ ಮನಸ್ಸು ತುಂಬಿತು.

ವೆಬ್ಲಿ ಮತ್ತು ಎನ್‌ಫೀಲ್ಡ್ ಎರಡೂ ನಡುವಿಗೆ ಮುರಿದು ತೆರೆಯುವಂಥವು. ಮೇಲೆ ಹಿಂಭಾಗದಲ್ಲಿ ಒಂದು ಕೊಂಡಿ, ಹೆಬ್ಬೆರಳಿಂದ ಒತ್ತಿದರೆ ನಳಿಕೆ ಮುಂದಕ್ಕೆ ಬಾಗುತ್ತದೆ, ಆರೂ ಖಾಲಿ ತೋಟೆಗಳನ್ನು ನಕ್ಷತ್ರದಾಕಾರದ ತುಂಡೊಂದು ಒಟ್ಟಿಗೆ ಮೇಲೆತ್ತಿ ಉದುರಿಸುತ್ತದೆ. ಬಾಗುವುದಕ್ಕೆ ಕೀಲು ಬೇಕಲ್ಲ, ಆ ಕೀಲು ಟ್ರಿಗರಿನ ಮುಂದೆ, ನಳಿಕೆಯ ಬುಡದ ಕೆಳಗೆ ದಪ್ಪ ಗಂಟಿನ ಹಾಗೆ ಕಾಣುತ್ತದೆ. ಎಷ್ಟೇ ಮಸುಕಾದ ಫೋಟೋದಲ್ಲೂ ಅದು ಅಡಗುವುದಿಲ್ಲ. ನಿಮ್ಮ ತಾತನ ರಿವಾಲ್ವರಿನಲ್ಲಿ ಆ ಗಂಟು ಇಲ್ಲ. ಅದರ ಬದಲು ದುಂಡನೆಯ ಸಣ್ಣ ನಳಿಕೆಯ ಕೆಳಗೆ ಪೆನ್ಸಿಲಿನಂಥ ಒಂದು ಕಡ್ಡಿ ಇದೆ, ಅದರ ಮುಂದಿನ ತುದಿ ನಳಿಕೆಗೆ ಅಂಟಿದ ಪುಟ್ಟ ಗುಬುಟಿನೊಳಗೆ ಸೇರಿಕೊಂಡಿದೆ. ಆರು ತೋಟೆ ಹಿಡಿಯುವ ಸಿಲಿಂಡರ್ ಪಕ್ಕಕ್ಕೆ ಹೊರಬರುವ ರಿವಾಲ್ವರಿನ ಗುರುತು ಅದು. ಆ ಕಡ್ಡಿಯನ್ನು ಹಿಂದಕ್ಕೆ ಒತ್ತಿದರೆ ತೋಟೆಗಳು ಹೊರಬೀಳುತ್ತವೆ. ಕೋಲ್ಟ್ ಕಂಪನಿಯ ರಿವಾಲ್ವರಿನಲ್ಲಿ ಕಡ್ಡಿ ಇರುತ್ತದೆ, ಆದರೆ ಅದರ ತುದಿ ಗಾಳಿಯಲ್ಲಿರುತ್ತದೆ, ಈ ಗುಬುಟು ಇರುವುದಿಲ್ಲ. ಐಬಾರಿನ ನಕಲಿಯೂ ಈ ಆಕಾರದಲ್ಲಿ ಬರುತ್ತದೆ, ಆದರೆ ವಿ ಅಕ್ಷರದಿಂದ ಶುರುವಾಗುವ ಆರಂಕಿಯ ನಂಬರ್ ಜತೆ ಸೇರಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ.

ಹಿಡಿಯ ಬುಡದಲ್ಲಿ ಹಗ್ಗ ಕಟ್ಟುವ ಬಳೆ ಇದೆ, ಹಿಡಿಯ ಮರ ನುಣುಪಾಗಿದೆ, ಗೀರುಗೆತ್ತನೆ ಇಲ್ಲ. ಎರಡೂ ವಿಕ್ಟರಿ ಮಾಡೆಲಿಗೆ ಸರಿಹೊಂದುತ್ತವೆ. ಬಳೆಯ ಪಕ್ಕದಲ್ಲಿ, ಹಿಡಿಯ ತಳದಲ್ಲೇ ಈ ಕಂಪನಿ ನಂಬರ್ ಹೊಡೆಯುತ್ತಿತ್ತು. 1948ರ ಗುಮಾಸ್ತರು ರಿವಾಲ್ವರನ್ನು ಮಗುಚಿ ಅಲ್ಲಿಂದಲೇ ನೋಡಿ ಬರೆದಿರಬೇಕು, ಅದಕ್ಕೇ ವಿ ಅಕ್ಷರವೂ ತಪ್ಪದೆ ಬಂದಿದೆ. ಚರ್ಮದ ಚೀಲದ ಒಳಗೆ ಟಾರ್ಚ್ ಬಿಟ್ಟು ತೆಗೆದ ನಿಮ್ಮ ಕೊನೆಯ ಚಿತ್ರದಲ್ಲಿ ನಳಿಕೆ ಉಜ್ಜಿ ಹೊಳಪಾದ ಪಟ್ಟೆ ಕಾಣುತ್ತದೆ, ಸಿಲಿಂಡರ್ ಉಬ್ಬಿಸಿದ ಜಾಗದಿಂದ ತುದಿಯವರೆಗೆ ಸರಿಸುಮಾರು ಐದು ಇಂಚು. ಬ್ರಿಟಿಷ್ ಸಾಮ್ರಾಜ್ಯಕ್ಕೆ ಕಳಿಸಿದ ವಿಕ್ಟರಿಗಳ ನಳಿಕೆ ಸಾಮಾನ್ಯವಾಗಿ ಐದು ಇಂಚಿನದೇ. ಅಮೆರಿಕದ ನೌಕಾಪಡೆಗೆ ಕೊಟ್ಟವು ನಾಲ್ಕು ಇಂಚಿನವು, ಅವಕ್ಕೆ ಉದ್ದದ .38 ಸ್ಪೆಷಲ್ ತೋಟೆ.

ಈ ರಿವಾಲ್ವರ್ ಹುಟ್ಟಿದ ಕಥೆ ಚೆನ್ನಾಗಿದೆ, ಮಗನಿಗೆ ಹೇಳಲು ಬೇಕಾಗುತ್ತದೆ. 1940ರ ಸುಮಾರಿಗೆ ಸ್ಮಿತ್ ಅಂಡ್ ವೆಸನ್ ಬ್ರಿಟನ್ನಿಗೆ ಒಂದು ಹಗುರ ರೈಫಲ್ ಮಾಡಿಕೊಡಲು ಹತ್ತು ಲಕ್ಷ ಡಾಲರ್ ಮುಂಗಡ ತೆಗೆದುಕೊಂಡಿತು. ಆ ರೈಫಲ್ ಪರೀಕ್ಷೆಯಲ್ಲಿ ಸೋತಿತು. ದುಡ್ಡು ಖರ್ಚಾಗಿಹೋಗಿತ್ತು, ಸಾಲ ತೀರಿಸಲು ಕಂಪನಿ ರಿವಾಲ್ವರ್ ಮಾಡಿ ಕೊಡತೊಡಗಿತು. ಆಮೇಲೆ ಅಮೆರಿಕ ಸರ್ಕಾರವೇ, ಮಿತ್ರ ದೇಶಗಳಿಗೆ ಯುದ್ಧ ಸಾಮಗ್ರಿ ಒದಗಿಸುವ ಲೆಂಡ್-ಲೀಸ್ ಯೋಜನೆಯಲ್ಲಿ ಕಳಿಸಿತು. 1942ರಲ್ಲಿ ಈ ಮಾದರಿಯ ನಂಬರ್ ಹತ್ತು ಲಕ್ಷ ಮುಟ್ಟಿದಾಗ ಹೊಸ ಸರಣಿ ಹಿಡಿದು, ವಿಜಯದ ಸಂಕೇತವಾಗಿ ಮುಂದೆ ವಿ ಅಕ್ಷರ ಇಟ್ಟರು. 1944ರ ಕೊನೆಗೆ ಕೈಜಾರಿ ಬಿದ್ದ ರಿವಾಲ್ವರೊಂದು ಹಾರಿ ನಾವಿಕನೊಬ್ಬ ಸತ್ತ. ಕೂಡಲೇ ಒಳಗಿನ ತಡೆಯನ್ನು ಬದಲಿಸಿ, ಆ ನಂತರದವಕ್ಕೆ ಎಸ್-ವಿ ಎಂದು ಮುದ್ರೆ ಹೊಡೆದರು. ನಿಮ್ಮದರಲ್ಲಿ ಬರೀ ವಿ ಇದೆ. ಅಂದರೆ 1942 ಮತ್ತು 1944ರ ಕೊನೆಯ ನಡುವೆ ಹುಟ್ಟಿದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಅದು ಇರುವ ಸಾಧ್ಯತೆಯೇ ಇಲ್ಲ.

ಹಾಗಾದರೆ ಮನೆಯವರ ಮಾತು ಸುಳ್ಳೇ? ಇಲ್ಲ. ಎರಡು ತಲೆಮಾರಿನ ಇಬ್ಬರು ಸೈನಿಕರು ನಿಮ್ಮ ಮನೆಯಲ್ಲಿದ್ದರು, ಹೇಳುತ್ತಾ ಹೇಳುತ್ತಾ ಎರಡು ಕಥೆ ಒಂದಾಯಿತು, ಅಷ್ಟೇ. ಮುತ್ತಾತನ ಪಡೆ ಜೋಧಪುರದ ಪಡೆಯ ಜತೆ ಕುದುರೆಯೇರಿ, ಈಟಿ ಹಿಡಿದು, ಮೆಷಿನ್ ಗನ್ನುಗಳ ಎದುರು ಹೈಫಾಕ್ಕೆ ನುಗ್ಗಿತು. ಅವರ ಶೌರ್ಯಕ್ಕೆ ಸಾಕ್ಷಿಯಾಗಿ ರಿವಾಲ್ವರ್ ಬೇಕಾಗಿಲ್ಲ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸವಾರರಲ್ಲಿ ಒಬ್ಬ ಮೈಸೂರಿನವನು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ. ರಿವಾಲ್ವರ್ ಮಾತ್ರ ತಾತನದು. ಅವರು 1947ರಲ್ಲಿ ಸೇನೆ ಬಿಟ್ಟದ್ದು, 1948ರಲ್ಲಿ ಮೊದಲ ಲೈಸೆನ್ಸ್ ನಮೂದು, 1943ರ ಕಿರ್ಕಿ ತೋಟೆ, ಮೂರೂ ಒಂದೇ ಕಡೆ ಬೆರಳು ಮಾಡುತ್ತವೆ. ತಾತನ ಹೆಸರಿಗೆ ಸಲ್ಲಬೇಕಾದ್ದು ಇಷ್ಟು ವರ್ಷ ಮುತ್ತಾತನ ಹೆಸರಿನಲ್ಲಿ ಹೋಯಿತಲ್ಲ ಎಂಬುದೊಂದೇ ನನಗೆ ಅನಿಸಿದ ಕೊರಗು.

ಈಗ ಬೆಲೆ. ಹಳೆಯ ಕೋವಿಯ ಬೆಲೆಯನ್ನು ಕಬ್ಬಿಣ, ಕಂಪನಿ, ವಯಸ್ಸು ನಿರ್ಧರಿಸುತ್ತವೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದನ್ನು ಮೊದಲು ನಿರ್ಧರಿಸುವುದು ಅದು ಇರುವ ದೇಶದ ಕಾನೂನು. ನೀವು ಇಂಟರ್ನೆಟ್‌ನಲ್ಲಿ ನೋಡಿದ ಬೆಲೆಗಳು ಅಮೆರಿಕದ ಹರಾಜಿನವು. ಅಲ್ಲಿ ಮಾರ್ಕ್ 5ಕ್ಕೆ ಬೇಡಿಕೆ ಇರುವುದು ನಿಜ, ಏಕೆಂದರೆ 1913ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 1915ಕ್ಕೆಲ್ಲ ಮಾರ್ಕ್ 6 ಬಂದುಬಿಟ್ಟಿತು, ಹೆಚ್ಚು ತಯಾರಾಗಲಿಲ್ಲ. ವಿಕ್ಟರಿ ಹಾಗಲ್ಲ. ಬ್ರಿಟನ್ ಮತ್ತು ಅದರ ಸಾಮ್ರಾಜ್ಯದ ದೇಶಗಳಿಗೆ ಹೋದವೇ ಐದು ಲಕ್ಷಕ್ಕೂ ಮೇಲೆ. ಅಮೆರಿಕದಲ್ಲಿ ಅಂಥದ್ದೊಂದು ಸುಸ್ಥಿತಿಯಲ್ಲಿದ್ದರೆ ಕೆಲವು ನೂರು ಡಾಲರ್ ಬಾಳುತ್ತದೆ. ಮಾಸಲು ಬಣ್ಣದ ಮೂಲ ಲೇಪ ಹಾಗೇ ಇದ್ದು, ಹಿಡಿಯ ತಳದ ನಂಬರೂ ಸಿಲಿಂಡರಿನ ಹಿಂಬದಿಯ ನಂಬರೂ ಒಂದೇ ಆಗಿದ್ದರೆ ಇನ್ನಷ್ಟು. ಯುದ್ಧ ಮುಗಿದ ಮೇಲೆ ಬಹಳಷ್ಟರ ಸಿಲಿಂಡರನ್ನು ಉದ್ದದ .38 ಸ್ಪೆಷಲ್ ತೋಟೆ ಹಿಡಿಯುವಂತೆ ಕೊರೆಸಿದರು. ಹಳೆಯ ತೋಟೆಯ ಮನೆ ಕೊಂಚ ಅಗಲ, ಹೊಸ ತೋಟೆ ಅದರಲ್ಲಿ ಉಬ್ಬುತ್ತದೆ, ಸೀಳುತ್ತದೆ. ಅಂಥವಕ್ಕೆ ಬೆಲೆಯೂ ಕಡಿಮೆ, ಕೈಗೂ ಅಪಾಯ. ಬ್ರಿಟನ್ನಿನಲ್ಲಾದರೆ 1997ರ ಕಾಯ್ದೆಗಳ ನಂತರ ಕೈಕೋವಿಯನ್ನು ಸಾಮಾನ್ಯರು ಇಟ್ಟುಕೊಳ್ಳುವುದೇ ನಿಂತಿತು. ಅಲ್ಲಿನ ಸಂಗ್ರಾಹಕರು ಕೊಳ್ಳುವುದು ಹೆಚ್ಚಾಗಿ ಹಾರದಂತೆ ನಿಷ್ಕ್ರಿಯಗೊಳಿಸಿದ್ದನ್ನು.

ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ಒಂದು ವಿಚಿತ್ರ ಇದೆ, ಅದೇ ನಿಮ್ಮ ನೆಂಟರ ತಲೆ ಕೆಡಿಸಿರುವುದು. ಖಾಸಗಿ ವ್ಯಾಪಾರಕ್ಕೆ ವಿದೇಶಿ ಕೋವಿ ತರಿಸುವುದು 1980ರ ದಶಕದಲ್ಲಿ ನಿಂತುಹೋಯಿತು. ಅದಕ್ಕೆ ಮುಂಚೆ ಬಂದ .32 ವೆಬ್ಲಿ, .32 ಸ್ಮಿತ್ ಅಂಡ್ ವೆಸನ್‌ಗಳು ಇದ್ದಷ್ಟೇ ಇವೆ, ಕೊಳ್ಳುವವರು ಹೆಚ್ಚುತ್ತಲೇ ಇದ್ದಾರೆ. ಹಾಗಾಗಿ ಅಮೆರಿಕದಲ್ಲಿ ಕೆಲವು ನೂರು ಡಾಲರಿಗೆ ಸಿಗುವ .32 ರಿವಾಲ್ವರ್ ಇಲ್ಲಿ ಲೈಸೆನ್ಸುದಾರರ ನಡುವೆ ಹಲವು ಲಕ್ಷಕ್ಕೆ ಕೈಬದಲಾಗುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ವೆಬ್ಲಿಯ ಮಾರ್ಕ್ 4 ವಿನ್ಯಾಸದಿಂದಲೇ ಬಂದದ್ದಾದರೂ ಜನಕ್ಕೆ ಹಳೆಯ ವಿಲಾಯತಿಯ ಮೋಹ ಹೋಗಿಲ್ಲ. 'ಹಳೆಯ ರಿವಾಲ್ವರಿಗೆ ಲಕ್ಷಗಟ್ಟಲೆ' ಎಂಬ ಮಾತು ಹುಟ್ಟಿದ್ದು ಈ .32ಗಳಿಂದ.

ತಾತನದು .380. ನಮ್ಮ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .380 ಅಥವಾ .455 ರಿಮ್ ತೋಟೆ, ಅಂದರೆ ತಳದಲ್ಲಿ ಅಂಚಿರುವ ತೋಟೆ, ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್ ಎಲ್ಲವೂ ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಕೆ ಅಳತೆಯವು. ಅಂಗಡಿಯವರು ಇಂಗ್ಲಿಷಿನ 'ಪ್ರೊಹಿಬಿಟೆಡ್ ಬೋರ್' ಅನ್ನು ಚಿಕ್ಕದಾಗಿ ಪಿ.ಬಿ. ಎನ್ನುತ್ತಾರೆ. ಸೇನೆ, ಪೊಲೀಸರ ತೋಟೆ ಹೊರಗಿನ ಕೈಗೆ ಸಿಕ್ಕಿ ಬಳಕೆಯಾಗಬಾರದೆಂಬುದು ಇದರ ಹಿಂದಿನ ಯೋಚನೆ, ಬ್ರಿಟಿಷರ ಕಾಲದಿಂದ ಬಂದದ್ದು. 1907ರಲ್ಲಿ ಅವರು .450 ತೋಟೆಯನ್ನು ಭಾರತಕ್ಕೆ ತರುವುದನ್ನೇ ತಡೆದರು, ಆ ತಡೆಯಿಂದಾಗಿಯೇ ಆನೆ ಬೇಟೆಯ .470, .465 ಮೊದಲಾದ ಹೊಸ ಅಳತೆಗಳು ಇಂಗ್ಲೆಂಡಿನಲ್ಲಿ ಹುಟ್ಟಿದವು. 1914ರ ಆಗಸ್ಟ್ 26ರಂದು ಕಲ್ಕತ್ತೆಯ ಕೋವಿ ವ್ಯಾಪಾರಿ ರೊಡ್ಡಾ ಕಂಪನಿಗೆ ಬಂದ 50 ಮೌಸರ್ ಪಿಸ್ತೂಲು, 46,000 ತೋಟೆಗಳನ್ನು ಕ್ರಾಂತಿಕಾರಿಗಳು ಹೊತ್ತೊಯ್ದಿದ್ದರು. ಸರ್ಕಾರಗಳಿಗೆ ಇಂಥದ್ದು ಮರೆಯುವುದಿಲ್ಲ.

ಪಿ.ಬಿ. ಆದರೆ ಏನಾಗುತ್ತದೆ? ಜಿಲ್ಲಾಧಿಕಾರಿಗಳು ಅದಕ್ಕೆ ಹೊಸ ಲೈಸೆನ್ಸ್ ಕೊಡಲಾರರು, ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಅಂಥ ಅನುಮತಿ ಇರುವವರಿಗೆ ಬಿಟ್ಟು ಬೇರೆಯವರಿಗೆ ಮಾರುವಂತಿಲ್ಲ. ಕೊಳ್ಳುವವರು ಇಲ್ಲದ ಸಂತೆಯಲ್ಲಿ ಬೆಲೆ ಎಲ್ಲಿಂದ ಹುಟ್ಟಬೇಕು? 1986ರಲ್ಲಿ ನಿಮ್ಮಪ್ಪ ಯಾವ ಅಂಗಡಿಗೆ ಒಯ್ದಿದ್ದರೂ ತಲೆ ಅಲ್ಲಾಡಿಸಿ ಕಳಿಸುತ್ತಿದ್ದರು. ಮಾರ್ಕ್ 5 ಆಗಿದ್ದರೂ ಇದೇ ಗತಿ, ಅದೂ .455.

ಇನ್ನೊಂದು ಮಾತು, ಇದನ್ನು ನಿಮ್ಮ ಮನೆಯವರೆಲ್ಲ ಕೂತಾಗ ಓದಿ ಹೇಳಿ. ಲೈಸೆನ್ಸ್ ಹೊಂದಿದವರು ತೀರಿಕೊಂಡ ದಿನದಿಂದ ಆ ಕೋವಿ ಮನೆಯಲ್ಲಿದ್ದರೆ ಅದು ಲೈಸೆನ್ಸ್ ಇಲ್ಲದ ಕೋವಿ. 1959ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಜಮೆ ಮಾಡಬೇಕು. ನಿಮ್ಮಪ್ಪ ಮಾಡಿದ್ದು ಅದನ್ನೇ. ಹೆತ್ತವರು ಹೋದ ದುಃಖದಲ್ಲಿ, ತಿಥಿ ಮುಗಿಯುವ ಮೊದಲೇ ಅದನ್ನು ನೆನಪಿಟ್ಟುಕೊಂಡು ಹೋಗಿ ಒಪ್ಪಿಸಿ ರಸೀದಿ ತಂದವರು ನಾನು ನೋಡಿದವರಲ್ಲಿ ಬೆರಳೆಣಿಕೆಯಷ್ಟು. ಅಟ್ಟದ ಮೇಲಿನ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟು, ಇಪ್ಪತ್ತು ವರ್ಷದ ಮೇಲೆ ಮನೆ ಪಾಲಾಗುವಾಗ ಹೊರಬಂದು, ಮಕ್ಕಳು ಕೋರ್ಟು ಅಲೆದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಹತ್ತಿರದಿಂದ ಕಂಡಿದ್ದೇನೆ. ಒಂದು ಸಲ ನಾನೇ ಸಾಕ್ಷಿ ಹೇಳಲು ಹೋಗಿದ್ದೆ. ಎಂಥ ಸಂಭಾವಿತ ಮನೆತನ ಅದು, ಇಪ್ಪತ್ತಾರು ವಯಸ್ಸಿನ ಹುಡುಗ ಕಟಕಟೆಯಲ್ಲಿ ನಿಂತಿದ್ದ. ಈಗ 2019ರ ತಿದ್ದುಪಡಿಯ ನಂತರ ಶಿಕ್ಷೆ ಇನ್ನೂ ಹೆಚ್ಚಾಗಿದೆ. ಲಕ್ಷ ಕಳೆದವರು ಎಂದು ಅಪ್ಪನನ್ನು ಆಡಿಕೊಳ್ಳುವುದನ್ನು ದಯವಿಟ್ಟು ಇವತ್ತಿಗೆ ನಿಲ್ಲಿಸಿ. ಕಳೆಯಲು ಅಲ್ಲಿ ಲಕ್ಷ ಇರಲಿಲ್ಲ, ಅವರು ಉಳಿಸಿದ್ದು ನಿಮ್ಮನ್ನು.

ಹಿಂದಕ್ಕೆ ಸಿಗುತ್ತದೆಯೇ ಎಂದರೆ, ಇಲ್ಲ. ಜಮೆ ಮಾಡಿದ್ದನ್ನು ನಿಗದಿತ ಅವಧಿಯಲ್ಲಿ ಯಾರೂ ಕಾನೂನುಬದ್ಧವಾಗಿ ಬಿಡಿಸಿಕೊಳ್ಳದಿದ್ದರೆ ಅದು ಸರ್ಕಾರದ ಸ್ವತ್ತಾಗುತ್ತದೆ. ಅದು ಏನಾಯಿತು ಎಂದು ತಿಳಿಯುವ ಆಸೆ ಇದ್ದರೆ ಮಾಹಿತಿ ಹಕ್ಕಿನಡಿ ಮೈಸೂರು ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ. ಲೈಸೆನ್ಸ್ ನಂಬರ್, ತಾತನ ಹೆಸರು, ಜಮೆಯಾದ ವರ್ಷ, ಠಾಣೆ, ಇವಿಷ್ಟನ್ನೇ ಬರೆದು ವಿಲೇವಾರಿ ಆದೇಶದ ನಕಲು ಕೇಳಿ. ಹಳೆಯ ರಿಜಿಸ್ಟರು ಸಿಕ್ಕರೆ ಅದೃಷ್ಟ.

ಇದಕ್ಕಿಂತ ಫಲ ಕೊಡುವ ದಾರಿ ಬೇರೊಂದಿದೆ. ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಷನ್ ಎಂಬ ಸಂಸ್ಥೆ ಅಮೆರಿಕದಲ್ಲಿದೆ. ಹಳೆಯ ರಿವಾಲ್ವರಿನ ಪೂರ್ತಿ ನಂಬರ್ ಮತ್ತು ಶುಲ್ಕ ಕಳಿಸಿದರೆ ಕಂಪನಿಯ ದಾಖಲೆ ಹುಡುಕಿ, ಅದು ಕಾರ್ಖಾನೆ ಬಿಟ್ಟ ದಿನ, ಯಾರಿಗೆ ಹೋಯಿತು ಎಂಬುದನ್ನು ಪತ್ರದಲ್ಲಿ ಬರೆದುಕೊಡುತ್ತಾರೆ. ಮಗ ಅಲ್ಲೇ ಇದ್ದಾನಲ್ಲ, ಅವನ ಕೈಲೇ ಬರೆಸಿ. ಹಾಕುವ ನಂಬರ್ 1948ರ ಪುಸ್ತಕದ್ದಾಗಿರಲಿ, ವಿ ಅಕ್ಷರ ಸಮೇತ. 1963ರ ಪುಸ್ತಕದಲ್ಲಿ ನಕಲು ಮಾಡುವಾಗ ನಾಲ್ಕನೇ ಅಂಕಿ ಒಂದು ಏಳಾಗಿದೆ, ನಾನು ಎರಡನ್ನೂ ಹೋಲಿಸಿ ನೋಡಿದೆ.

ಮಗನಿಗೆ ಚರ್ಮದ ಚೀಲ ಕೊಡಿ, ತೊಂದರೆ ಇಲ್ಲ. ಅದು 1940ರ ದಶಕದ್ದಾದ್ದರಿಂದ ನೂರು ವರ್ಷ ತುಂಬಿದ ಪುರಾತನ ವಸ್ತುಗಳನ್ನು ಹೊರದೇಶಕ್ಕೆ ಒಯ್ಯದಂತೆ ತಡೆಯುವ 1972ರ ಕಾಯ್ದೆಯೂ ಅಡ್ಡ ಬರುವುದಿಲ್ಲ. ಎಣ್ಣೆ, ಪಾಲಿಷ್ ಹಚ್ಚಬೇಡಿ, ಒಳಗಿನ ಆ ಉಜ್ಜಿದ ಪಟ್ಟೆ ಅಳಿಸಿಹೋಗುತ್ತದೆ. ಖಾಲಿ ತೋಟೆಯನ್ನು ಮಾತ್ರ ವಿಮಾನ ಹತ್ತಿಸಬೇಡಿ, ಕೈಚೀಲದಲ್ಲೂ ಬೇಡ, ದೊಡ್ಡ ಸೂಟ್‌ಕೇಸಿನಲ್ಲೂ ಬೇಡ. ತಪಾಸಣೆಯ ಯಂತ್ರದಲ್ಲಿ ಅದು ತೋಟೆಯ ಆಕಾರವಾಗಿಯೇ ಕಾಣುತ್ತದೆ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಒಂದು ಜೀವಂತ ತೋಟೆಗೆ ಪ್ರಯಾಣ ನಿಂತು ಕೇಸು ಬಿದ್ದವರಿದ್ದಾರೆ. ನಿಮ್ಮದು ಹಾರಿಹೋದ ತೋಟೆ ಎಂದು ವಿವರಿಸುವ ಹೊತ್ತಿಗೆ ವಿಮಾನ ಹೋಗಿರುತ್ತದೆ. ತಳದ ಅಕ್ಷರಗಳು ಕಾಣುವಂತೆ ಒಳ್ಳೆಯ ಫೋಟೋ ತೆಗೆದು ಕಳಿಸಿ, ವಸ್ತು ಹುಣಸೂರಿನಲ್ಲೇ ಇರಲಿ. ಅಟ್ಟ, ಪೆಟ್ಟಿಗೆ ಹುಡುಕುವಾಗ ಹಾರದ ತೋಟೆ ಇನ್ನೇನಾದರೂ ಕಂಡರೆ ಮುಟ್ಟಿ ಪರೀಕ್ಷಿಸದೆ ಠಾಣೆಗೆ ತಿಳಿಸಿ.

ಮತ್ತೆ 1948ರ ಪುಸ್ತಕ. ಮೂರನೇ ಪುಟದ ಮೇಲಂಚು ಹರಿಯುತ್ತಾ ಬಂದಿರುವುದು ಚಿತ್ರದಲ್ಲಿ ಕಾಣುತ್ತದೆ. ಅಲ್ಲೇ ವಿ ಅಕ್ಷರ ಇರುವುದು. ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿ ತಿರುಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಎರಡು ಬಿಳಿ ಹಾಳೆಯ ನಡುವೆ ಬಿಸಿಲು ತಾಕದ ಕಡೆ ಮಟ್ಟಸವಾಗಿ ಇಡಿ. ಫೋಟೋ ಹಿಂದೆ ಮೆದು ಪೆನ್ಸಿಲಿನಲ್ಲಿ ತಾತನ ಹೆಸರು, ಊರು, 'ಸ್ಮಿತ್ ಅಂಡ್ ವೆಸನ್ ವಿಕ್ಟರಿ, .380' ಎಂದು ಬರೆಯಿರಿ. ಅದನ್ನು ಠಾಣೆಗೆ ಒಪ್ಪಿಸಿದ ವರ್ಷವನ್ನೂ, ಒಪ್ಪಿಸಿದವರು ನಿಮ್ಮಪ್ಪ ಎಂಬುದನ್ನೂ ಅದೇ ಸಾಲಿನಲ್ಲಿ ಸೇರಿಸಿ.